ಸೀರೆಯ ಮೇಲೊಂದು ಅಬಾಯಾ

ಪ್ರಶ್ನೆ: ನಾನು ದಾವಣಗೆರೆಯ 61 ವರ್ಷದ ನಿವೃತ್ತ ಶಿಕ್ಷಕಿ. ಸೀರೆ ಬಿಟ್ಟು ಬೇರೇನನ್ನೂ ಉಟ್ಟವಳಲ್ಲ. ಮಗಳು, ಅಳಿಯ ಹನ್ನೆರಡು ವರ್ಷಗಳಿಂದ ಸೌದಿ ಅರೇಬಿಯಾದ ಜೆಡ್ಡಾದಲ್ಲಿದ್ದಾರೆ. ಮುಂದಿನ ತಿಂಗಳು ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ. ಹೊರಗೆ ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳಲೆಂದು ಮಗಳು ಕಪ್ಪು ಅಬಾಯಾ ತಂದಿಟ್ಟಿದ್ದಾಳೆ. "ಈ ವಯಸ್ಸಿನಲ್ಲಿ ಕುಂಕುಮ ಅಳಿಸಿಕೊಂಡು ಬುರ್ಖಾ ತೊಡುತ್ತೀಯಾ?" ಎಂದು ನನ್ನ ಅಕ್ಕ ಹಂಗಿಸಿದ ಮೇಲೆ ಹೋಗುವ ಉತ್ಸಾಹವೇ ಉಳಿದಿಲ್ಲ. ಒಲ್ಲೆನೆಂದರೆ ಮಗಳಿಗೆ ತೊಂದರೆಯಾದೀತೆಂಬ ಭಯವೂ ಇದೆ.

ಉತ್ತರ: ಮೊದಲು ತಮ್ಮ ಅಕ್ಕನವರ ಮಾತನ್ನು ಬದಿಗಿಡೋಣ. ಅಬಾಯಾ ಎಂದರೆ ಮುಖ ಮುಚ್ಚುವ ಬುರ್ಖಾ ಅಲ್ಲ; ವಕೀಲರ ಗೌನಿನಂತೆ ಉಡುಪಿನ ಮೇಲೆ ತೊಡುವ ನಿಲುವಂಗಿ. ಕುಂಕುಮವನ್ನಾಗಲಿ ತಾಳಿಯನ್ನಾಗಲಿ ತೆಗೆಯಬೇಕೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅನ್ಯಧರ್ಮೀಯರ ಬಹಿರಂಗ ಪೂಜೆಗೆ ಅವಕಾಶವಿಲ್ಲವಾದ್ದರಿಂದ ತಮ್ಮ ಪೂಜೆ ಮಗಳ ಮನೆಯೊಳಗೇ ನಡೆಯಲಿ.

ಇನ್ನು ಮಗಳ ವಿಚಾರ. ಆಕೆ ಅಲ್ಲಿಗೆ ಹೋದ ಕಾಲದಲ್ಲಿ ವಿದೇಶಿ ಹೆಂಗಸರೂ ಅಬಾಯಾ ಇಲ್ಲದೆ ಬೀದಿಗಿಳಿಯುವಂತಿರಲಿಲ್ಲ. ಅಂಗಡಿ, ಮಾಲ್‌ಗಳಲ್ಲಿ ಧಾರ್ಮಿಕ ಪೊಲೀಸರು ತಡೆದು ಗದರಿಸುತ್ತಿದ್ದರು. 2016ರಲ್ಲಿ ಅವರ ಬಂಧನಾಧಿಕಾರವನ್ನು ಕಿತ್ತುಕೊಳ್ಳಲಾಯಿತು. ಉಡುಪು ಸಭ್ಯವಾಗಿದ್ದರೆ ಸಾಕು, ಅದು ಕಪ್ಪು ಅಬಾಯಾವೇ ಆಗಬೇಕಿಲ್ಲ ಎಂದು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ 2018ರಲ್ಲಿ ಹೇಳಿದರು. 2019ರಲ್ಲಿ ಪ್ರವಾಸಿ ವೀಸಾ ಆರಂಭವಾದಾಗ ವಿದೇಶಿ ಮಹಿಳೆಯರಿಗೆ ಅಬಾಯಾ ಕಡ್ಡಾಯವಲ್ಲವೆಂಬುದು ಖಚಿತವಾಯಿತು. ಆದರೆ ನಿಯಮ ಸಡಿಲವಾದ ದಿನವೇ ಅದರಡಿ ಬದುಕಿದವರ ಅಳುಕೂ ಹೋಗಿಬಿಡುವುದಿಲ್ಲ. ಅಲ್ಲದೆ ಅಳಿಯಂದಿರ ಕಚೇರಿಯವರು, ನೆರೆಹೊರೆಯವರು ಏನೆಂದಾರು ಎಂಬ ಸಂಕೋಚವೂ ಇರಬಹುದು. ಆದ್ದರಿಂದ "ಹಾಕುವುದಿಲ್ಲ" ಎಂದು ಹೇಳುವ ಮೊದಲು, "ನಿನಗೆ ಯಾವುದರ ಭಯ?" ಎಂದು ಆಕೆಯನ್ನೇ ಕೇಳಿ.

ಸೀರೆಯಲ್ಲಿಯೇ ಓಡಾಡಬೇಕೆಂದಿದ್ದರೆ ಖಂಡಿತ ಓಡಾಡಬಹುದು, ಆದರೆ ಇಲ್ಲಿ ಉಡುವಂತೆ ಅಲ್ಲ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕೆಂಬುದು ಅಲ್ಲಿನ ಕನಿಷ್ಠ ನಿರೀಕ್ಷೆ. ನಮ್ಮ ಸೀರೆಯಲ್ಲಿ ಇವೆರಡಕ್ಕೂ ಕೊರತೆಯಿಲ್ಲ, ಎಡವುವುದು ಸೊಂಟದಲ್ಲಿ ಮತ್ತು ಬೆನ್ನಿನಲ್ಲಿ. ಮೊಣಕೈ ದಾಟುವ ತೋಳಿನ, ಬೆನ್ನು ಮುಚ್ಚುವ, ಒಂದು ಗೇಣು ಉದ್ದ ಹೆಚ್ಚಿರುವ ರವಿಕೆಗಳನ್ನು ನಾಲ್ಕು ಹೊಲಿಸಿಕೊಳ್ಳಿ. ಸೆರಗನ್ನು ಬೆನ್ನ ಮೇಲಿಂದ ಬಲಭುಜಕ್ಕೆ ಹೊದ್ದು ಪಿನ್ ಹಾಕಿ. ಜೆಡ್ಡಾ ಕಡಲೂರಾದ್ದರಿಂದ ಮಂಗಳೂರಿನಂತೆ ಬೆವರಿಳಿಯುತ್ತದೆ, ಹತ್ತಿಯ ಸೀರೆಗಳೇ ಇರಲಿ. ಮಸೀದಿಗಳ ಹೊರತು ಬೇರೆಡೆ ತಾವು ತಲೆ ಮುಚ್ಚಬೇಕಿಲ್ಲ, ಆದರೂ ಚೀಲದಲ್ಲೊಂದು ದುಪಟ್ಟಾ ಇರಲಿ.

ಮಗಳ ಕಳವಳ ದೊಡ್ಡದೆಂದು ತಮಗನ್ನಿಸಿದರೆ, ಜನಜಂಗುಳಿಯ ಜಾಗಗಳಿಗೆ ಹೋಗುವಾಗಲಷ್ಟೇ ಅಬಾಯಾ ಹಾಕಿಕೊಳ್ಳುವುದರಲ್ಲಿ ನನಗೆ ಯಾವ ಸೋಲೂ ಕಾಣುವುದಿಲ್ಲ. ಕಪ್ಪೇ ಆಗಬೇಕೆಂದೂ ಇಲ್ಲ. ಬೂದು, ಕಂದು, ತಿಳಿನೀಲಿ ಬಣ್ಣದವನ್ನು ಈಗ ಅಲ್ಲಿನವರೇ ತೊಡುತ್ತಾರೆ. ಅದರ ಅಂಚು ಮಾತ್ರ ಪಾದದ ಗಂಟಿನ ಮೇಲಿರಲಿ, ಏಕೆಂದರೆ ಒಳಗೆ ನೆರಿಗೆ, ಹೊರಗೆ ನೆಲ ಗುಡಿಸುವ ನಿಲುವಂಗಿ, ಇವೆರಡನ್ನೂ ಒಂದೇ ಕೈಯಲ್ಲಿ ಹಿಡಿದು ಎಸ್ಕಲೇಟರ್ ಹತ್ತುವುದು ಅಪಾಯದ ಕೆಲಸ.

ನಿಯಮವಿರುವುದು ಹೆಂಗಸರಿಗೆ ಮಾತ್ರವಲ್ಲ ಎಂಬುದನ್ನು ಯಜಮಾನರಿಗೂ ತಿಳಿಸಿ. 2019ರ ಸಾರ್ವಜನಿಕ ಸಭ್ಯತೆಯ ನಿಯಮಗಳ ಪ್ರಕಾರ ಮಲಗುವ ಉಡುಪಿನಲ್ಲಿ ಹೊರಗೆ ಕಾಣಿಸಿಕೊಂಡರೆ ದಂಡವಿದೆ. ಅವರ ಬನಿಯನ್, ಲುಂಗಿ ಮತ್ತು ಬೆಳಗ್ಗೆ ಹಾಲು ತರಲು ಗೇಟಿನವರೆಗೆ ಹೋಗುವ ನಮ್ಮೆಲ್ಲರ ನೈಟಿ, ಮೂರೂ ಮಗಳ ಮನೆಯ ಹೊಸಿಲೊಳಗೇ ಇರಲಿ.