ಆಮೆ ಬದುಕಿತು, ಸರಿ, ಮನುಷ್ಯನನ್ನು ಕೂರಿಸಬಹುದಿತ್ತೇ?

ಪ್ರಶ್ನೆ: 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ನೌಕೆ ಝೋಂಡ್-5 ಆಮೆಗಳನ್ನು ಹೊತ್ತು ಚಂದ್ರನನ್ನು ಸುತ್ತಿ ಬಂತು, ಆಮೆಗಳೂ ಬದುಕಿದ್ದವು. ಮುಂದಿನ ನೌಕೆಯಲ್ಲೇ ಮನುಷ್ಯರನ್ನು ಕಳಿಸಿದ್ದರೆ, ಮೊದಲ ಬಾರಿಗೆ ಮನುಷ್ಯರನ್ನು ಚಂದ್ರನ ಸುತ್ತ ಒಯ್ದ ಅಮೆರಿಕದ ಅಪೊಲೊ-8ಕ್ಕಿಂತ ಮುಂದಾಗುತ್ತಿದ್ದರಲ್ಲ? ಹೆದರಿದರೇ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಹೆದರಿದರೇ’ ಎಂಬ ಮಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬದುಕಿ ಬರುವುದು ಬೇರೆ, ಅಂದುಕೊಂಡಂತೆ ಬರುವುದು ಬೇರೆ.

ಚಂದ್ರನ ಕಡೆಯಿಂದ ಮರಳುವ ನೌಕೆ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತದೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಪುಟಿಯುವಂತೆ ಒಮ್ಮೆ ಗಾಳಿಯನ್ನು ಸವರಿ, ವೇಗ ಕಳೆದುಕೊಂಡು, ಮೇಲಕ್ಕೆದ್ದು, ಮತ್ತೆ ಇಳಿದು ಕಜಾಕಿಸ್ತಾನದ ನೆಲ ಮುಟ್ಟಬೇಕೆಂಬುದು ಲೆಕ್ಕಾಚಾರ. ಇದಕ್ಕೆ ನೌಕೆಯ ಭಂಗಿ ಸ್ವಲ್ಪವೂ ತಪ್ಪುವಂತಿಲ್ಲ. ಆದರೆ ದಾರಿಯಲ್ಲೇ ಝೋಂಡ್-5ರ ಲೇಪನದಿಂದ ಹೊಮ್ಮಿದ ಆವಿ ನಕ್ಷತ್ರ ಗುರುತಿಸುವ ಸಂವೇದಕದ ಗಾಜಿನ ಮೇಲೆ ಕೂತು ಅದು ಮಬ್ಬಾಯಿತು. ಆಮೇಲೆ ಭಂಗಿ ಕಾಯುವ ಜೈರೋ ವ್ಯವಸ್ಥೆಯೂ ಕೈಕೊಟ್ಟಿತು. ಪುಟಿಯುವ ಮಾತೇ ಉಳಿಯಲಿಲ್ಲ. ಸೆಪ್ಟೆಂಬರ್ 21ರಂದು ನೌಕೆ ನೇರವಾಗಿ ಹಿಂದೂ ಮಹಾಸಾಗರಕ್ಕೆ ಬಿತ್ತು. ಒಳಗೆ 10 ಜಿ ಮೀರಿದ ಒತ್ತಡ. ಅಂದರೆ 60 ಕೆ.ಜಿ. ತೂಗುವವರಿಗೆ ತಮ್ಮ ಮೈಯೇ 600 ಕೆ.ಜಿ. ಆದಂತೆ. ಸೋವಿಯತ್ ಹಡಗುಗಳು ಅದನ್ನು ಎತ್ತಿ ನಮ್ಮ ಬೊಂಬಾಯಿಗೆ ತಂದವು, ಅಲ್ಲಿಂದ ವಿಮಾನದಲ್ಲಿ ಮಾಸ್ಕೋಗೆ ಹೋಯಿತು. ಆಮೆಗಳ ತೂಕ ಶೇ 10ರಷ್ಟು ಇಳಿದಿತ್ತು.

ಇನ್ನು ನೀವು ಹೇಳುವ ‘ಮುಂದಿನ ನೌಕೆ’, ನವೆಂಬರಿನ ಝೋಂಡ್-6. ಅದು ಸರಿಯಾಗಿಯೇ ಪುಟಿಯಿತು. ಆದರೆ ಸೀಲ್ ಸೋರಿ ಒಳಗಿನ ಗಾಳಿ ಹೋಯಿತು, ಜೀವಿಗಳು ಸತ್ತವು, ಪ್ಯಾರಾಚೂಟ್ ಎತ್ತರದಲ್ಲೇ ಕಳಚಿಕೊಂಡು ನೌಕೆ ನೆಲಕ್ಕಪ್ಪಳಿಸಿತು. ಮನುಷ್ಯರನ್ನು ಕೂರಿಸಬೇಕಿತ್ತು ಅನ್ನುವುದು ಇದರಲ್ಲೇ ತಾನೆ? ಹಿಂದಿನ ವರ್ಷವಷ್ಟೇ ಸೋವಿಯತ್ ನೌಕೆ ಸೊಯುಜ್-1ರ ಪ್ಯಾರಾಚೂಟ್ ಕೆಟ್ಟು ಗಗನಯಾತ್ರಿ ವ್ಲಾದಿಮಿರ್ ಕೊಮರೋವ್ ತೀರಿಕೊಂಡಿದ್ದರು. ಅಚ್ಚುಕಟ್ಟಾಗಿ ಇಳಿದದ್ದು 1969ರ ಆಗಸ್ಟಿನ ಝೋಂಡ್-7. ಅಷ್ಟರಲ್ಲಿ ಅಪೊಲೊ-11 ಚಂದ್ರನ ಮೇಲಿಳಿದು ಬಂದಾಗಿತ್ತು. ನನ್ನನ್ನು ಕೇಳಿದರೆ ಅಂಥ ಎರಡು ಇಳಿತ ಕಣ್ಣಾರೆ ಕಾಣುವವರೆಗೂ ಯಾರನ್ನೂ ಕೂರಿಸಬಾರದು.

ಪ್ರಶ್ನೆ: ಝೋಂಡ್-5ರಿಂದ ಮನುಷ್ಯರ ದನಿ ಬಂದದ್ದನ್ನು ಬ್ರಿಟನ್ನಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಕೇಳಿಸಿಕೊಂಡಿತ್ತಂತೆ. ಒಳಗಿದ್ದವರು ಯಾರು?

ಉತ್ತರ: ಯಾರೂ ಇರಲಿಲ್ಲ. ಸಂಪರ್ಕ ಪರೀಕ್ಷೆಗಾಗಿ ಭೂಮಿಯಿಂದ ಕಳಿಸಿದ ದನಿಯನ್ನೇ ನೌಕೆ ಮರಳಿ ಬಿತ್ತರಿಸಿತು. ‘ಗುಟ್ಟಾಗಿ ಸತ್ತ ಗಗನಯಾತ್ರಿ’ಯ ಕಥೆ ಕಟ್ಟಿ ವಿಡಿಯೊ ಮಾಡುವವರಿಗೆ ನಾಚಿಕೆಯಾಗಬೇಕು.

ಪ್ರಶ್ನೆ: ಆಮೆಗಳು ಚಂದ್ರನ ಮೇಲೆ ಓಡಾಡಿದವೇ?

ಉತ್ತರ: ಇಲ್ಲ. ನೌಕೆ ಸುಮಾರು 1,950 ಕಿ.ಮೀ. ದೂರದಿಂದಲೇ ಸುತ್ತಿ ಬಂತು.