ನೆರವಿನ ದುಡ್ಡು ಅಂಗಡಿವರೆಗೂ ಬರುತ್ತಾ?

ಪ್ರಶ್ನೆ: ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವಿನಲ್ಲಿ ಒಬ್ಬ ಸಣ್ಣ ಅಂಗಡಿಯವನಿಗೆ ಏನಾದರೂ ಸಿಗುತ್ತದೆಯೇ? ಇಲ್ಲ, ಎಲ್ಲ ಮೇಲಿನವರ ಹಂತದಲ್ಲೇ ಮುಗಿಯುತ್ತದೆಯೇ?

ಉತ್ತರ: ಸಿಗುತ್ತದೆ. ಆದರೆ ಯಾರೋ ಬಂದು ಅವನ ಕೈಗೆ ನೋಟು ಎಣಿಸುತ್ತಾರೆ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಅದು ಬ್ಯಾಂಕಿನ ಮೂಲಕ ಸುತ್ತಿ ಬಳಸಿ ಬರುತ್ತದೆ. ಚಿಕ್ಕ ಸಾಲಕ್ಕೂ ದೊಡ್ಡ ಸಾಲಕ್ಕೂ ಬ್ಯಾಂಕಿಗೆ ಕಾಗದಪತ್ರದ ಕೆಲಸ ಹೆಚ್ಚುಕಮ್ಮಿ ಅಷ್ಟೇ, ಲಾಭ ಮಾತ್ರ ಚಿಕ್ಕದರಲ್ಲಿ ಕಡಿಮೆ. ಅದರ ಮೇಲೆ ಅಂಗಡಿಯವನ ಹತ್ತಿರ ಅಡ ಇಡಲು ಜಮೀನಿಲ್ಲ, ತೋರಿಸಲು ಲೆಕ್ಕಪುಸ್ತಕವಿಲ್ಲ, ಹಾಗಾಗಿ ಅವನನ್ನು ನಯವಾಗಿ ವಾಪಸ್ ಕಳಿಸುತ್ತಾರೆ. ಇಲ್ಲಿ ನೆರವು ಕೊಡುವವರು ನಡುವೆ ಬಂದು, ನೀವು ಸಾಲ ಕೊಡಿ, ಮುಳುಗಿದರೆ ಅರ್ಧ ನಷ್ಟ ನಮ್ಮದು ಅನ್ನುತ್ತಾರೆ. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಎಷ್ಟೋ ದೇಶಗಳಲ್ಲಿ ಇಂಥ ಖಾತರಿ ಕೊಟ್ಟಿತ್ತು. (2025ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು, ಅದು ಬೇರೆ ಕಥೆ.) 1956ರಲ್ಲಿ ಶುರುವಾದ, ಖಾಸಗಿ ಉದ್ದಿಮೆಗಳಿಗೆ ಬಂಡವಾಳ ಕೊಡುವ ವಿಶ್ವಬ್ಯಾಂಕ್ ಬಳಗದ ಸಂಸ್ಥೆ ಐಎಫ್‌ಸಿಯದು ಇನ್ನೊಂದು ದಾರಿ. ಅದು ಆಯಾ ದೇಶದ ಬ್ಯಾಂಕುಗಳಿಗೆ ದುಡ್ಡು ಕೊಟ್ಟು, ಸಣ್ಣವರಿಗೆ ಹಂಚಿ ಅನ್ನುತ್ತದೆ.

ಇದರಲ್ಲೊಂದು ತೂತಿದೆ. ಬ್ಯಾಂಕಿನವರು ಜಾಣರು, ಹೇಗಿದ್ದರೂ ಸಾಲ ಕೊಡಲಿದ್ದ ಹಳೇ ಗಿರಾಕಿಯನ್ನೇ ಈ ಖಾತರಿಯ ಕೆಳಗೆ ತಂದು ಕೂರಿಸಬಹುದು. ಲೆಕ್ಕದಲ್ಲಿ ಯೋಜನೆ ಪಾಸು, ಅಂಗಡಿಯವನು ಮಾತ್ರ ಹೊರಗೇ. ಅದಕ್ಕೇ ಇಂಥ ವರದಿ ಕೈಗೆ ಬಂದರೆ ಒಟ್ಟು ಎಷ್ಟು ಸಾಲ ಕೊಟ್ಟರು ಅನ್ನೋದನ್ನು ಬಿಟ್ಟು, ಜೀವನದಲ್ಲಿ ಮೊದಲ ಸಲ ಸಾಲ ಸಿಕ್ಕಿದವರು ಎಷ್ಟು ಜನ ಅಂತ ಹುಡುಕುತ್ತೇನೆ.

ಪ್ರಶ್ನೆ: ಕಿರುಸಾಲದಿಂದ ಬಡತನವೇ ಹೋಗುತ್ತದೆ ಅಂತ ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಈಗ ಯಾಕೆ ಯಾರೂ ಮಾತಾಡುತ್ತಿಲ್ಲ?

ಉತ್ತರ: ಕಥೆ ಅಷ್ಟು ಚೆನ್ನಾಗಿತ್ತು, ಅದಕ್ಕೇ ನಂಬಿದೆವು. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್‌ನಷ್ಟು ಸಾಲ ಕೊಟ್ಟರು, ಅದೂ ಜೇಬಿನಿಂದ. 1983ರಲ್ಲಿ ಅದೇ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜನ ಮರೆಯುವ ವಿಷಯ ಏನೆಂದರೆ, 27 ಡಾಲರ್‌ನಿಂದ ಬ್ಯಾಂಕಿನವರೆಗಿನ ದಾರಿಯಲ್ಲಿ ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿ, ಅಮೆರಿಕದ ದತ್ತಿ ಸಂಸ್ಥೆ ಫೋರ್ಡ್ ಫೌಂಡೇಶನ್, ನಾರ್ವೆ, ಸ್ವೀಡನ್, ಇವರೆಲ್ಲರ ದುಡ್ಡೂ ಇತ್ತು.

ಆಮೇಲೆ ಅರ್ಥಶಾಸ್ತ್ರಜ್ಞರು ಅಳೆಯಲು ಕೂತರು. ಭಾರತ, ಇಥಿಯೋಪಿಯಾ, ಮೊರಾಕ್ಕೊ, ಮೆಕ್ಸಿಕೊ, ಮಂಗೋಲಿಯಾ, ಬೋಸ್ನಿಯಾ, ಹೀಗೆ ಆರು ದೇಶಗಳ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಒಂದಿಷ್ಟು ಒಳ್ಳೆಯದಾಗಿದೆ, ಆದರೆ ಬದುಕೇ ಬದಲಾಗಿಲ್ಲ ಅನ್ನೋದು ಅವುಗಳ ಸಾರ. ಆಶ್ಚರ್ಯವೇನಲ್ಲ. ಸಾಲ ತಗೊಂಡ ಮುಂದಿನ ವಾರವೇ ಕಂತು ಕಟ್ಟಬೇಕು ಅಂದರೆ ಯಾರು ತಾನೇ ಆರು ತಿಂಗಳ ನಂತರ ಫಲ ಕೊಡುವ ಯಂತ್ರ ಕೊಳ್ಳುತ್ತಾರೆ? ಇವತ್ತು ತಂದು ನಾಳೆ ಮಾರುವ ಸರಕೇ ಗತಿ.

ಸಾಲ ಬಿಟ್ಟು ಸುಮ್ನೆ ದುಡ್ಡೇ ಕೊಟ್ಟರೆ? ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸಂಶೋಧಕರು ಅದನ್ನೂ ನೋಡಿದರು. ಸಣ್ಣ ವ್ಯಾಪಾರಿಗಳಿಗೆ 10,000 ಅಥವಾ 20,000 ಶ್ರೀಲಂಕಾ ರೂಪಾಯಿಯಷ್ಟು ಅನುದಾನ. ಲಾಭ ಬಂತು, ತಿಂಗಳಿಗೆ ಸುಮಾರು ಶೇಕಡ 5ರ ಲೆಕ್ಕದಲ್ಲಿ. ಆದರೆ ಬಂದದ್ದು ಗಂಡಸರ ವ್ಯಾಪಾರಕ್ಕೆ, ಹೆಂಗಸರ ವ್ಯಾಪಾರದಲ್ಲಿ ಹೆಚ್ಚಳವೇ ಕಾಣಲಿಲ್ಲ. ಹೆಂಗಸರಿಗೆ ವ್ಯಾಪಾರ ಬರೋದಿಲ್ಲ ಅಂತ ಷರಾ ಬರೆಯುವ ಮೊದಲು ಇದನ್ನೂ ಕೇಳಿ: ಅವಳ ಹೆಸರಲ್ಲಿ ಬಂದ ದುಡ್ಡು ಮನೆಯೊಳಗೆ ಗಂಡನ ವ್ಯಾಪಾರಕ್ಕೆ ತಿರುಗುತ್ತದೆ ಅಂತ ಮುಂದಿನ ಅಧ್ಯಯನಗಳು ತೋರಿಸಿದವು. ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು, ಅಲ್ವಾ?

ಪ್ರಶ್ನೆ: ತರಬೇತಿ ಕೊಟ್ಟರೆ ಉಪಯೋಗ ಇದೆಯೇ, ಅಥವಾ ಊಟ, ಫೋಟೊ, ಸರ್ಟಿಫಿಕೇಟ್ ಅಷ್ಟೇನಾ?

ಉತ್ತರ: ಬಹಳ ಕಡೆ ಅಷ್ಟೇ! ಆದರೆ ಪಶ್ಚಿಮ ಆಫ್ರಿಕಾದ ಟೋಗೊದಲ್ಲಿ 1,500 ಸಣ್ಣ ಉದ್ದಿಮೆದಾರರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮಾಮೂಲಿ ಲೆಕ್ಕಪತ್ರ, ಮಾರಾಟದ ಪಾಠ. ಇನ್ನೊಂದಕ್ಕೆ ಮುನ್ನುಗ್ಗುವುದು, ಅಡ್ಡಿ ಬಂದರೆ ಬೇರೆ ದಾರಿ ಹುಡುಕುವುದು, ಪಕ್ಕದವನ ಹಾಗೇ ಮಾಡದೆ ಹೊಸದು ಯೋಚಿಸುವುದು. ಮೂರನೆಯದಕ್ಕೆ ಏನೂ ಇಲ್ಲ. ಎರಡನೇ ಗುಂಪಿನ ಲಾಭ ಶೇಕಡ 30 ಏರಿತು. ಮಾಮೂಲಿ ಪಾಠದವರದು ಗಟ್ಟಿಯಾಗಿ ಹೇಳುವಷ್ಟು ಏರಲಿಲ್ಲ.

ಪ್ರಶ್ನೆ: ನೆರವಿನಿಂದ ಹುಟ್ಟಿ ತನ್ನ ಕಾಲ ಮೇಲೆ ನಿಂತ ಒಂದು ಉದಾಹರಣೆ ಕೊಡಿ.

ಉತ್ತರ: ಕೀನ್ಯಾದ ಎಂ-ಪೆಸಾ. ಮೊಬೈಲಿನಲ್ಲೇ ದುಡ್ಡು ಕಳಿಸುವ ಈ ಸೇವೆ 2007ರಲ್ಲಿ ಶುರುವಾಯಿತು. ಅದಕ್ಕೆ ಮೊದಲು ಬ್ರಿಟನ್ ಸರ್ಕಾರ ವೊಡಾಫೋನ್‌ಗೆ ಸುಮಾರು 10 ಲಕ್ಷ ಪೌಂಡ್ ಕೊಟ್ಟಿತ್ತು, ಕಂಪನಿಯೂ ತನ್ನ ಪಾಲು ಹಾಕಬೇಕು ಅನ್ನುವ ಷರತ್ತಿನ ಮೇಲೆ. ಅಷ್ಟು ದೊಡ್ಡ ಕಂಪನಿಗೆ ದಾನ ಯಾಕೆ ಅಂತ ಸಿಟ್ಟು ಬರುತ್ತೆ, ನನಗೂ ಬಂದಿತ್ತು. ಆದರೆ ಗೆಲ್ಲುತ್ತೋ ಇಲ್ಲವೋ ಗೊತ್ತಿಲ್ಲದ ಪ್ರಯೋಗಕ್ಕೆ ಕಂಪನಿಯೊಳಗೆ ದುಡ್ಡು ಹುಟ್ಟುವುದು ಕಷ್ಟ. ಮಜಾ ಏನೆಂದರೆ, ಪ್ರಯೋಗ ಮಾಡಿದ್ದು ಕಿರುಸಾಲದ ಕಂತು ಕಟ್ಟಲಿ ಅಂತ, ಜನ ಬಳಸಿದ್ದು ಒಬ್ಬರಿಗೊಬ್ಬರು ದುಡ್ಡು ಕಳಿಸಲು. ಕೊನೆಗೆ ಅದೇ ಸೇವೆಯಾಯಿತು.

ಪ್ರಶ್ನೆ: ನೆರವೇ ಅಲ್ಲಿನ ವ್ಯಾಪಾರವನ್ನು ಕೊಲ್ಲುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಕೆಲವು ಸಲ ಹೌದು. ಪುಕ್ಕಟೆ ಬಂದದ್ದರ ಜೊತೆ ಯಾರು ಸ್ಪರ್ಧೆ ಮಾಡುತ್ತಾರೆ? ಹೈಟಿಗೆ ಅಮೆರಿಕದ ಅಗ್ಗದ ಅಕ್ಕಿ ನುಗ್ಗಿ ಅಲ್ಲಿನ ಭತ್ತ ಬೆಳೆಯುವವರು ನೆಲಕಚ್ಚಿದರು. ಹೈಟಿಯ ಆಮದು ಸುಂಕ ಇಳಿಸಿ ಈ ಅಕ್ಕಿಗೆ ದಾರಿ ಮಾಡಿದ ನೀತಿ ತಪ್ಪಾಗಿತ್ತು ಅಂತ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ 2010ರಲ್ಲಿ ಒಪ್ಪಿಕೊಂಡರು.

ಉಲ್ಟಾ ದಾರಿಯೂ ಇದೆ. 2008ರಲ್ಲಿ, ಹಸಿದವರಿಗೆ ಆಹಾರ ಹಂಚುವ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ತನಗೆ ಬೇಕಾದ ಧಾನ್ಯದಲ್ಲಿ ಒಂದು ಪಾಲನ್ನು ಆಯಾ ದೇಶದ ಸಣ್ಣ ರೈತರಿಂದಲೇ ಕೊಳ್ಳುವ ಯೋಜನೆ ಶುರು ಮಾಡಿತು. ಸಣ್ಣ ವ್ಯಾಪಾರಿಗೆ ಸಾಲಕ್ಕಿಂತ ಗಿರಾಕಿ ಮುಖ್ಯ. ಆದರೆ ಆ ಗಿರಾಕಿ ಹಣ ಕೊಡಲು ತಿಂಗಳುಗಟ್ಟಲೆ ಸತಾಯಿಸಿದರೆ, ರೈತ ಪಕ್ಕದ ದಲ್ಲಾಳಿಗೇ ಕಡಿಮೆ ಬೆಲೆಗೆ ಮಾರಿ ಮನೆಗೆ ಹೋಗುತ್ತಾನೆ.