ಪಿಸ್ತೂಲಿನ ಸೈಟಿನ ಸ್ಕ್ರೂ ಈಗಲೇ ಮುಟ್ಟಬೇಡಿ

ಏರ್ ಪಿಸ್ತೂಲಿನ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ ಬೀಳುತ್ತಿವೆ, ಶಿವಮೊಗ್ಗದ ಮಳೆಗಾಲದ ತೇವವೇ ಕಾರಣವೇ ಎಂದು ಕೇಳಿದ್ದೀರಿ. ಪಾಪ, ಮಲೆನಾಡಿನ ಮಳೆಯನ್ನು ಇದಕ್ಕೂ ದೂರಬೇಡಿ ಸಾರ್! ನೀವು ಬಲಗೈಯವರಾದರೆ ಅನುಮಾನ ಮೊದಲು ಬೆರಳಿನ ಮೇಲೆ. ಟ್ರಿಗರ್ ಎಳೆಯುವಾಗ ಉಳಿದ ಬೆರಳುಗಳೂ ಬಿಗಿಯಾದರೆ ನಳಿಗೆಯ ತುದಿ ಎಡಕ್ಕೆ, ಕೆಳಕ್ಕೆ ವಾಲುತ್ತದೆ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು, ಮುಂದೊಂದು ಇರುವ ಎರಡು ಸೈಟುಗಳ ನಡುವೆ 30 ಸೆಂಟಿಮೀಟರ್ ಅಂತರವಿದ್ದರೆ, ಅಲ್ಲಿನ 1 ಮಿಲಿಮೀಟರ್ ಓರೆ 10 ಮೀಟರ್ ದೂರದ ಗುರಿಯಲ್ಲಿ ಸುಮಾರು 33 ಮಿಲಿಮೀಟರ್ ಆಗುತ್ತದೆ. ಹತ್ತು ಅಂಕದ ವೃತ್ತದ ಅಗಲವೇ 11.5 ಮಿಲಿಮೀಟರ್! ಗುಂಡು ತುಂಬದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡಿ; ಕಣ್ಣು ಮುಂದಿನ ಸೈಟಿನ ಮೇಲಿರಲಿ. ಒತ್ತಿದ ಕ್ಷಣ ಅದು ಅಲುಗಿದರೆ ಕಳ್ಳ ಸಿಕ್ಕಿದ ಹಾಗೆ. ತರಬೇತುದಾರರು ಹೊಡೆದಾಗಲೂ ಗುಂಡು ಅಲ್ಲೇ ಬಿದ್ದರೆ ಮಾತ್ರ ಹಿಂದಿನ ಸೈಟನ್ನು ಬಲಕ್ಕೆ, ಮೇಲಕ್ಕೆ ಸರಿಸಿ.